ಈ ಸೊಟ್ಟ ಸರಿಯಿಲ್ಲ

ಜೂನ್ ೩, ಸೋಮವಾರ

ಇವತ್ತು ಯಾರನ್ನಾದರೂ ಬೈಯದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಮನೆಯಲ್ಲಿ ಬೈದರೆ ಅತ್ತೆ ಬಡ್ಡಿ ಸೇರಿಸಿ ವಾಪಸ್ ಬೈಯುತ್ತಾಳೆ. ಅದಕ್ಕೇ ಈ ಹಳೆಯ ಡೈರಿ ತೆಗೆದೆ. ಕಾಗದ ಎದುರುತ್ತರ ಕೊಡುವುದಿಲ್ಲ.

ಆನ್‌ಲೈನ್ ಅಂಗಡಿಯಲ್ಲಿ ನನ್ನ ಚೀಲದ ಕೆಳಗೆ ಯಾವಳೋ ಪುಣ್ಯಾತ್ಗಿತ್ತಿ ಬರೆದಿದ್ದಾಳೆ: "ಚೀಲ ಚೆನ್ನಾಗಿದೆ. ಆದರೆ ಹೊಲಿಗೆ ತೀರಾ ನೇರವಾಗಿದೆ. ಇದು ಮೆಷೀನಿನ ಕೆಲಸ. ಕೈಯಲ್ಲಿ ಮಾಡಿದ್ದು ಅಂತ ಹೇಳಿ ಜನರಿಗೆ ಮೋಸ ಮಾಡಬೇಡಿ." ಐದರಲ್ಲಿ ಒಂದು ನಕ್ಷತ್ರ.

ನೇರವಾಗಿರುವುದು ಅಪರಾಧವಂತೆ! ಆ ತೊಗಲು ಕತ್ತರಿಸಿದ್ದು ನಾನು. ದಬ್ಬಳ ಹಿಡಿದು ಒಂದೊಂದೇ ತೂತು ಕೊರೆದಿದ್ದು ನಾನು. ದಾರಕ್ಕೆ ಮೇಣ ತಿಕ್ಕಿ, ಎರಡು ಸೂಜಿ ಎದುರುಬದುರು ತೂರಿಸಿ, ಎಳೆದೂ ಎಳೆದೂ ಕಿರುಬೆರಳ ಸಂದು ಸೀಳಿಸಿಕೊಂಡಿದ್ದು ನಾನು. ಚೀಲದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಹಿಡಿಕೆ ಹೊಲಿಯುವ ಸಾಲಿನಲ್ಲಿ ಕೂತವಳು. ಅಲ್ಲಿ ಹೊಲಿಗೆ ಕೂದಲೆಳೆಯಷ್ಟು ಅತ್ತಿತ್ತ ಆದರೂ ಸೂಪರ್‌ವೈಸರ್ ಮರದ ಸ್ಕೇಲಿನಿಂದ ಗೆಣ್ಣಿನ ಮೇಲೆ ಕುಟ್ಟುತ್ತಿದ್ದ. ಆ ಸ್ಕೇಲಿನ ವಿರುದ್ಧವೇ ನಾವೆಲ್ಲ ಗೇಟಿನ ಮುಂದೆ ಕೂತದ್ದು. ನನ್ನನ್ನು ಕೆಲಸದಿಂದ ಕಿತ್ತು ಬಿಸಾಕಿದ್ದೂ ಅದಕ್ಕೇ. ಕೆಲಸ ಹೋಯಿತು, ಕೈ ಮಾತ್ರ ನೇರವಾಗಿಯೇ ಉಳಿಯಿತು. ಈಗ ಆ ಕೈಗೆ ಕಳ್ಳಗೈ ಎಂಬ ಬಿರುದು.

ಗಂಡನಿಗೆ ತೋರಿಸಿದೆ. ದಿನವಿಡೀ ಬಸ್ ಓಡಿಸಿ ಬಂದು ಕಾಲು ಚಾಚಿ ಕೂತಿದ್ದ.

"ಒಂದ್ ನಕ್ಷತ್ರಾನಾದ್ರೂ ಕೊಟ್ಟಿದ್ದಾಳಲ್ಲ," ಅಂದ. "ನಮ್ ಬಸ್ಸಿಗೆ ಬೈಗುಳ ಬಿಟ್ರೆ ಇನ್ನೇನೂ ಸಿಗಲ್ಲ."

ಇವನಿಗೆ ತೋರಿಸಿದ್ದು ನನ್ನ ತಪ್ಪು.

ಜೂನ್ ೪, ಮಂಗಳವಾರ

ಆರ್ಡರ್ ಇಲ್ಲ. ಫೋನ್ ಕೆಟ್ಟಿದೆಯೋ ಏನೋ ಅಂತ ಗಂಡನ ಫೋನಿನಿಂದಲೂ ತೆಗೆದು ನೋಡಿದೆ. ಫೋನ್ ಗಟ್ಟಿಮುಟ್ಟಾಗಿದೆ.

ಜೂನ್ ೯, ಭಾನುವಾರ

ಆ ಒಂದು ನಕ್ಷತ್ರ ಮರಿ ಹಾಕಿದೆ. ಅದನ್ನು ಓದಿದ ಇನ್ನಿಬ್ಬರು "ನನಗೂ ಹಾಗೇ ಅನ್ನಿಸಿತು" ಅಂತ ಸೇರಿಸಿದ್ದಾರೆ. ಚೀಲ ಕೈಗೆ ಬಂದು ಆರು ತಿಂಗಳಾದ ಮೇಲೆ ಅನ್ನಿಸಿತಂತೆ. ಕುರಿಮಂದೆಗೆ ಒಂದು ಕುರಿ ಹಳ್ಳಕ್ಕೆ ಬಿದ್ದರೆ ಸಾಕು.

ಅಂಗಡಿ ನಡೆಸುವ ಕಂಪನಿ ನನ್ನ ಪುಟದ ಮೇಲಿದ್ದ "ಕೈಯಿಂದ ಮಾಡಿದ್ದು" ಎಂಬ ಮುದ್ರೆ ಕಿತ್ತು ಹಾಕಿದೆ. ಪುರಾವೆ ಕೊಡಿ ಅಂದರು. ಹೊಲಿಯುವುದನ್ನು ಗಂಡನ ಕೈಲಿ ವಿಡಿಯೋ ಮಾಡಿಸಿ ಕಳಿಸಿದೆ. "ನಿಮ್ಮ ವಿಷಯ ಪರಿಶೀಲನೆಯಲ್ಲಿದೆ" ಅಂತ ಉತ್ತರ ಬಂತು. ಬರೆದವರ ಹೆಸರಿಲ್ಲ. ಕೈಕೆಲಸದ ಪುರಾವೆ ಕೇಳುವ ಕಾಗದವನ್ನು ಮೆಷೀನು ಬರೆಯುತ್ತದೆ! ಗೇಟಿನ ಮುಂದೆ ಧರಣಿ ಕೂತಾಗ ಕೊನೆಗೆ ಬೈಯಲು ಒಬ್ಬ ಮ್ಯಾನೇಜರನ ಮುಖವಾದರೂ ಇತ್ತು. ಇಲ್ಲಿ ಯಾವ ಗೇಟಿನ ಮುಂದೆ ಕೂರಲಿ?

ಜೊತೆಗೆ ಒಂದು ಉಪದೇಶಪತ್ರ ಬೇರೆ ಬಂದಿದೆ. ವ್ಯಾಪಾರ ಮಂದವಾದಾಗ ಸೃಜನಶೀಲರಾಗಿ ಉಳಿಯುವುದು ಹೇಗೆ. ಬೆಳಗಿನ ನಡಿಗೆ ಮಾಡಿ. ಹೂವು ನೋಡಿ. ನಿಮ್ಮ ಒಳಗಿನ ಮಗುವನ್ನು ಮಾತಾಡಿಸಿ. ನನ್ನ ಒಳಗೆ ಮಗು ಇಲ್ಲ ತಾಯಿ, ಉರಿ ಇದೆ.

ಕಂದು ಚೀಲ ಇನ್ನೊಂದು ಮುಗಿಸಿದೆ. ಹಳೆಯ ಅಳತೆಯದೇ. ಬೇರೆ ಏನು ಮಾಡಲಿ ಅಂತ ಹೊಳೆಯಲೂ ಇಲ್ಲ, ಹೊಳೆಯಲಿ ಅಂತ ಅನ್ನಿಸಲೂ ಇಲ್ಲ.

ಜೂನ್ ೧೨, ಬುಧವಾರ

ಸೋತೆ. ಸೊಟ್ಟ ಬೇಕೇನ್ರಪ್ಪಾ, ತಗೊಳ್ಳಿ ಅಂತ ಕೂತೆ.

ಬರಲಿಲ್ಲ. ಎಡಕ್ಕೆ ಹೋಗು ಅಂದರೆ ದಬ್ಬಳ ತಾನಾಗಿ ಗೆರೆಗೆ ವಾಪಸ್ ಬರುತ್ತದೆ, ಕಟ್ಟಿದ ದನ ಗೂಟಕ್ಕೆ ಬಂದ ಹಾಗೆ. ಕೊನೆಗೆ ಪೆನ್ಸಿಲ್ ತಗೊಂಡು ಸೊಟ್ಟ ಗೆರೆ ಬರೆದುಕೊಂಡು, ಆ ಗೆರೆಯ ಮೇಲೆ ನೇರವಾಗಿ ಹೊಲಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲು ಮುಗಿಯಿತು.

ಅತ್ತೆ ಕಿಟಕಿಯ ಬಳಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎರಡು ಕಣ್ಣಲ್ಲೂ ಪೊರೆ. ಆದರೂ ನನ್ನ ತಪ್ಪು ಮಾತ್ರ ಅವಳಿಗೆ ಹೇಗೋ ಕಾಣುತ್ತದೆ. ಚೀಲ ಕಸಿದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದೇನೇ ಇದು?"

"ಸೊಟ್ಟ ಹೊಲಿಗೆ ಅತ್ತೆ. ಜನಕ್ಕೆ ಇದೇ ಬೇಕಂತೆ."

"ನಿನ್ನ ಮಾವ ಕುಡೀತಿದ್ದರು, ಗೊತ್ತು ತಾನೆ?"

"ಅದಕ್ಕೂ ಇದಕ್ಕೂ ಏನು?"

"ನಿಜವಾದ ಕುಡುಕ ನೇರ ನಡಿಯೋಕೆ ನೋಡ್ತಾನೆ ಕಣೇ. ಪಾಪ, ಆಗಲ್ಲ. ನಾಟಕದ ಕುಡುಕ ಓಲಾಡೋಕೆ ನೋಡ್ತಾನೆ. ನಿನ್ನ ಚೀಲ ನಾಟಕ ಆಡ್ತಿದೆ."

ಮೈಯೆಲ್ಲ ಉರಿದುಹೋಯಿತು. "ಅಷ್ಟು ಗೊತ್ತಿದ್ರೆ ನೀವೇ ಹೊಲೀರಿ!" ಅಂದೆ.

"ದಬ್ಬಳ ಕೊಡು ಇಲ್ಲಿ," ಅಂದಳು.

ಮುಪ್ಪಿನ ಕಾಲಕ್ಕೆ ಇದೊಂದು ಹಟ. ಆಸ್ಪತ್ರೆಯ ಬಟ್ಟೆ ಒಗೆದು ಒಗೆದು ಬೆರಳುಗಳು ಶುಂಠಿಯ ಹಾಗೆ ಗಂಟುಗಂಟಾಗಿವೆ. ಚುಚ್ಚಿಕೊಂಡರೆ ನಾನು ಜವಾಬ್ದಾರಳಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಜೂನ್ ೧೭, ಸೋಮವಾರ

ಚುಚ್ಚಿಕೊಂಡಳು. ಎರಡು ಸಲ. ನಿಲ್ಲಿಸಲಿಲ್ಲ.

ತೂತು ನಾನು ಕೊರೆದು ಕೊಡುತ್ತೇನೆ ಅಂದದ್ದಕ್ಕೆ, "ನೀನು ಕೊರೆದ ತೂತಲ್ಲಿ ಹೋದ್ರೆ ಅದು ನಿನ್ನ ದಾರಿ ಆಯ್ತಲ್ಲ, ನಂದೆಲ್ಲಾಯ್ತು?" ಅಂದಳು. ಮಾತಿಗೇನು, ಕಾಸು ಕೊಡಬೇಕಾ.

ಇವತ್ತು ಅವಳ ಚೀಲ ಮುಗಿಯಿತು. ಭುಜಕ್ಕೆ ನೇತುಹಾಕುವ ಸಣ್ಣ ಚೀಲ. ಹೊಲಿಗೆ ನೋಡಿದರೆ ಅಳು ಬರಬೇಕು. ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ಮಾರುದೂರ. ತಿರುವಿನಲ್ಲಿ ದಾರಿ ತಪ್ಪಿ ಅಂಚಿಗೆ ಹೋಗಿ, ಅಂಚಿಗೆ ಹೆದರಿ ಒಳಗೆ ಬಂದಿದೆ. ನಮ್ಮ ಸಾಲಿನಲ್ಲಿ ಇಂಥದ್ದು ಮಾಡಿದ್ದರೆ ಗೆಣ್ಣು ಉಳಿಯುತ್ತಿರಲಿಲ್ಲ. ಎಳೆದು ನೋಡಿದೆ, ಗಟ್ಟಿಯಾಗಿಯೇ ಇದೆ. ಅದೂ ಸಿಟ್ಟು ತರಿಸಿತು.

ಹೊಟ್ಟೆಯುರಿಗೆ ಅಂಗಡಿಯ ಪುಟಕ್ಕೆ ಹಾಕಿದೆ. ಕೆಳಗೆ ಬರೆದೆ: "ಇದು ಸೊಟ್ಟಗಿದೆ. ಕಣ್ಣು ಸರಿಯಾಗಿ ಕಾಣದ ನನ್ನ ಅತ್ತೆ ಹೊಲಿದದ್ದು. ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ."

ಜೂನ್ ೧೮, ಮಂಗಳವಾರ

ಹೋಯಿತು! ಒಂದೇ ದಿನಕ್ಕೆ! ಅವಳದು!

ಕೊರಿಯರ್‌ನವನು ಪೊಟ್ಟಣ ತಗೊಳ್ಳಲು ಬಂದಾಗ, "ಏನಕ್ಕಾ, ಬಹಳ ದಿನ ಆಯ್ತು. ಅಂಗಡಿ ಮುಚ್ಚಿಬಿಟ್ರಿ ಅಂದ್ಕೊಂಡಿದ್ದೆ," ಅಂದ. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಒಳಗಿನಿಂದ, "ಈಗ ನನ್ನ ಕೈಲಿದೆಯಪ್ಪಾ ಅಂಗಡಿ," ಅಂದಳು.

ಸಂಜೆ ಗಂಡ ಬಂದಾಗ ಅವನಿಗೂ ಹೇಳಿದಳು. ಪಕ್ಕದ ಮನೆಗೆ ಹೋಗಿ ಹೇಳಿದಳು. ಬೀದಿ ನಲ್ಲಿಯ ಹತ್ತಿರ ನಿಂತು ಕೊಡ ಹಿಡಿದವರಿಗೆಲ್ಲ ಹೇಳಿದಳು. ಇನ್ನು ಲೌಡ್‌ಸ್ಪೀಕರ್ ಕಟ್ಟಿಸುವುದೊಂದು ಬಾಕಿ.

ನನ್ನ ಕಂದು ಚೀಲಗಳು ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿವೆ. ಎಲ್ಲ ಒಂದೇ ಥರ.

ಜೂನ್ ೨೬, ಬುಧವಾರ

ಮತ್ತೆ ಏನೂ ಇಲ್ಲ. ಅತ್ತೆಯ ಎರಡನೆಯ ಚೀಲವನ್ನೂ ಯಾರೂ ಕಣ್ಣೆತ್ತಿ ನೋಡಿಲ್ಲ. "ಜನಕ್ಕೆ ರುಚಿ ಇಲ್ಲ," ಅನ್ನುತ್ತಾಳೆ ಈಗ. ಎರಡೇ ಚೀಲಕ್ಕೆ ಕಲಾವಿದೆಯ ಬಾಯಿ ಬಂದುಬಿಟ್ಟಿದೆ.

ಹೊಸ ತೊಗಲು ತರುವ ಹಾಗಿಲ್ಲ, ಚೂರುಗಳಷ್ಟೇ ಇವೆ. ಮುದುಕಿ ಕನ್ನಡಕ ಎಲ್ಲೆಂದರಲ್ಲಿ ಬಿಟ್ಟು ಆಮೇಲೆ ಮನೆ ತಲೆಕೆಳಗು ಮಾಡುತ್ತಾಳೆ. ಇವತ್ತು ಅದರ ಮೇಲೆ ಕೂತೇಬಿಡುತ್ತಿದ್ದಳು. ಸಾಕಾಗಿ, ಚೂರು ಜೋಡಿಸಿ ಕೊರಳಿಗೆ ನೇತುಹಾಕುವ ಕನ್ನಡಕದ ಗೂಡು ಮಾಡಿ ಕೊಟ್ಟೆ. ಚೂರುಗಳು ಒಂದಕ್ಕೊಂದು ಸಾಟಿಯಿರಲಿಲ್ಲ. ಹಾಗಾಗಿ ಹೊಲಿಗೆಯನ್ನು ಬಳ್ಳಿಯ ಹಾಗೆ ಸುತ್ತಿಸಿ, ಸಂದು ಮುಚ್ಚಲು ಕೆಂಪು ದಾರ ಹಾಕಬೇಕಾಯಿತು. ಬಾಯಿಗೆ ಗುಂಡಿ ಬೇಡ, ಅವಳ ಬೆರಳಿಗೆ ಆಗುವುದಿಲ್ಲ. ತೊಗಲನ್ನೇ ಎಲೆಯ ಹಾಗೆ ಮಡಿಸಿ ಒಳಗೆ ಸಿಕ್ಕಿಸಿದೆ. ಊಟದ ಹೊತ್ತು ಮೀರಿದ್ದು ತಿಳಿಯಲಿಲ್ಲ. ಒಂದು ದಿನ ದಂಡ.

ಜುಲೈ ೨, ಮಂಗಳವಾರ

ಘೋಷಣೆ ಬಂದಿದ್ದಳು. ಕಾರ್ಖಾನೆಯ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು.

ಮುಷ್ಕರದ ದಿನಗಳಲ್ಲಿ ಅವಳು ಬಾಯಿ ಬಿಟ್ಟರೆ ಕಾರ್ಖಾನೆಯ ಗಾಜು ನಡುಗುತ್ತಿತ್ತು. ಅದಕ್ಕೇ ಆ ಹೆಸರು. ಮುಷ್ಕರ ಮುರಿದ ಮೇಲೆ ಅವಳು ಕ್ಷಮೆ ಬರೆದುಕೊಟ್ಟು ಒಳಗೆ ಹೋದಳು, ನಾನು ಹೊರಗೆ ಉಳಿದೆ. ಈಗ ಮಾದರಿ ಕೋಣೆಗೆ ಇನ್‌ಚಾರ್ಜ್ ಅಂತೆ. ಕೊರಳಲ್ಲಿ ಫೋಟೋ ಇರುವ ಪಟ್ಟಿ. ಧ್ವನಿ ಅರ್ಧಕ್ಕರ್ಧ ಇಳಿದಿದೆ.

"ಕಾರ್ಖಾನೆಯವರೂ ಈಗ ಕೈಕೆಲಸದ ಚೀಲ ತರ್ತಿದಾರೆ ಕಣೇ," ಅಂದಳು. "ಆನ್‌ಲೈನ್‌ಗೆ."

"ಕೈಯಲ್ಲಿ ಮಾಡಿಸ್ತಾರಾ?"

"ಕೈಯಲ್ಲಿ ಮಾಡಿದ ಹಾಗೆ ಮಾಡಿಸ್ತಾರೆ. ಹುಡುಗೀರು ಮೆಷೀನಲ್ಲೇ ಹೊಲೀಬೇಕು, ಸ್ವಲ್ಪ ಸೊಟ್ಟ ಬರಬೇಕು. ಅವರಿಗೆ ಬರ್ತಿಲ್ಲ. ನೀನು ಬಂದು ಹೇಳಿಕೊಡು. ಕಾಯಂ ಕೆಲಸ. ಹಳೇದೆಲ್ಲ ಮರೀತೀವಿ ಅಂದಿದಾರೆ ಮ್ಯಾನೇಜರ್."

"ಅವರು ಮರೀತಾರಾ? ಮರೀಬೇಕಾದವಳು ನಾನಲ್ವೇನೇ?"

"ಬಾಯಿ ಮಾತ್ರ ಹಾಗೇ ಇದೆ ನಿಂದು."

"ನಿಂದು ಎಲ್ಲಿ ಬಿಟ್ಟೆ?"

ಅವಳು ಟೀ ಲೋಟ ಕೆಳಗಿಟ್ಟು ಎದ್ದಳು. ಹೋಗುವಾಗ ಗೋಡೆಯ ಮೇಲಿನ ಚೀಲಗಳನ್ನು ಒಂದೊಂದಾಗಿ ಮುಟ್ಟಿದಳು. "ಧೂಳು ಕೂತಿದೆ ಕಣೇ," ಅಂದಳು. ಬೈದಿದ್ದರೆ ವಾಸಿಯಿತ್ತು. "ಸೋಮವಾರ ಬಾ. ಹೂಂ ಅಂತಲೋ ಊಹೂಂ ಅಂತಲೋ ಅವತ್ತೇ ಹೇಳ್ಬೇಕು. ಆಮೇಲೆ ಬೇರೆಯವರನ್ನ ನೋಡ್ತಾರೆ."

ಜುಲೈ ೫, ಶುಕ್ರವಾರ

ಹೋಗುವುದು ಅಂತ ತೀರ್ಮಾನಿಸಿದ್ದೇನೆ.

ಯಾಕೆ ಹೋಗಬಾರದು? ಮುದ್ರೆ ಇನ್ನೂ ಪರಿಶೀಲನೆಯಲ್ಲೇ ಇದೆ. ಸುಳ್ಳಿಗೆ ಗಿರಾಕಿ ಇದ್ದಾರೆ, ನೇರಕ್ಕೆ ಇಲ್ಲ. ನಾನೊಬ್ಬಳು ಇಲ್ಲಿ ಕೂತು ಬೆರಳು ಸೀಳಿಸಿಕೊಂಡರೆ ಯಾವ ಕ್ರಾಂತಿ ಆಗಬೇಕು? ಕೆಲಸಕ್ಕೆ ಸೇರಿದರೆ ಅಂಗಡಿಯ ಪುಟ ಅಳಿಸಬೇಕು, ಎರಡೂ ಇಟ್ಟುಕೊಳ್ಳುವ ಹಾಗಿಲ್ಲ ಎಂಬುದು ಅವರ ಷರತ್ತು. ಅಳಿಸಿದರಾಯಿತು. ಅಲ್ಲಿ ಯಾರಿದ್ದಾರೆ ಅಳುವುದಕ್ಕೆ?

ಗಂಡನಿಗೆ ಹೇಳಿದೆ. ಅವನು ತಮಾಷೆ ಮಾಡಲಿಲ್ಲ. "ನಿನ್ನಿಷ್ಟ," ಅಂದ. ಇವನು ತಮಾಷೆ ಮಾಡದಿದ್ದರೆ ನನಗೆ ಕೈಕಾಲು ಆಡುವುದಿಲ್ಲ.

ಅತ್ತೆ ಕೇಳಿಸಿಕೊಂಡು ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟಳು. ಆಮೇಲೆ, "ಹಾಗಾದ್ರೆ ದಬ್ಬಳ ನನಗೆ ಬಿಟ್ಟು ಹೋಗು," ಅಂದಳು.

ಜುಲೈ ೮, ಸೋಮವಾರ

ಸೀರೆ ಕೂಡ ಬದಲಿಸದೆ ಬರೆಯಲು ಕೂತಿದ್ದೇನೆ. ಅಕ್ಷರ ಹೇಗೆ ಬರುತ್ತೋ ಹಾಗೆ ಬರಲಿ.

ಗೇಟಿಗೆ ಹೊಸ ಬಣ್ಣ. ಕಾವಲುಗಾರ ಹೊಸಬ, ನನ್ನ ಗುರುತಿಲ್ಲ. ಇದೇ ಗೇಟಿನ ಸರಳು ಹಿಡಿದು ಕೂಗಿದವಳು ಇವತ್ತು ಸಹಿ ಹಾಕಿ, ಕೊರಳಿಗೆ "ಅತಿಥಿ" ಎಂಬ ಪಟ್ಟಿ ಹಾಕಿಸಿಕೊಂಡು ಒಳಗೆ ಹೋದೆ. ಹೂಂ ಅನ್ನಲೆಂದೇ ಹೋದದ್ದು. ಆ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹಿಡಿದುಕೊಂಡೇ ಹೋಗಿದ್ದೆ, ಎಲ್ಲಿ ಉದುರಿಹೋಗುತ್ತೋ ಅಂತ.

ಘೋಷಣೆ ಮಾದರಿ ಕೋಣೆಗೆ ಕರೆದುಕೊಂಡು ಹೋದಳು. ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಏನನ್ನೋ ಸೀಳಿ, ಚಪ್ಪಟೆ ಮಾಡಿ, ನಾಲ್ಕೂ ಮೂಲೆಗೆ ಮೊಳೆ ಹೊಡೆದಿದ್ದರು. ಆಸ್ಪತ್ರೆಯಲ್ಲಿ ಹೆಣ ಕೊಯ್ದು ನೋಡುತ್ತಾರಲ್ಲ, ಹಾಗೆ. ಹತ್ತಿರ ಹೋದೆ. ತಿರುವಿನಲ್ಲಿ ದಾರಿ ತಪ್ಪಿ ಅಂಚಿಗೆ ಹೋಗಿ, ಅಂಚಿಗೆ ಹೆದರಿ ಒಳಗೆ ಬಂದ ಹೊಲಿಗೆ.

ಅತ್ತೆಯ ಚೀಲ. ಒಂದೊಂದು ಹೊಲಿಗೆಯ ಪಕ್ಕದಲ್ಲೂ ಬಿಳಿ ಸೀಮೆಸುಣ್ಣದಲ್ಲಿ ನಂಬರು. ಎಡಕ್ಕೆಷ್ಟು, ಬಲಕ್ಕೆಷ್ಟು, ಬಾಣದ ಗುರುತು.

"ನೀನಾ ತಗೊಂಡಿದ್ದು?" ಅಂದೆ.

"ತಂಗಿ ಮನೆ ವಿಳಾಸ ಕೊಟ್ಟಿದ್ದೆ," ಅಂದಳು ಘೋಷಣೆ. ನನ್ನ ಮುಖ ನೋಡಲಿಲ್ಲ. "ಮಾದರಿ ಬೇಕು ಅಂದ್ರು ಇವರು. ನಿನಗೂ ಒಂದು ವ್ಯಾಪಾರ ಆಯ್ತಲ್ಲ, ಸುಮ್ಮನಿರೇ."

ಬೀದಿ ನಲ್ಲಿಯ ಹತ್ತಿರ ನಿಂತು ಊರಿಗೆಲ್ಲ ಸಾರಿದಳಲ್ಲ ಆ ಮುದುಕಿ! ಕೊಂಡದ್ದು ಇವರು. ಕೊಯ್ಯುವುದಕ್ಕೆ!

ಪಕ್ಕದ ಹಾಲಿನಲ್ಲಿ ಹುಡುಗಿಯರ ಸಾಲು. ಮೆಷೀನಿನ ಮುಂದೆ ತಲೆ ತಗ್ಗಿಸಿ ಅದೇ ಚೀಲ ಹೊಲಿಯುತ್ತಿದ್ದರು. ಪ್ರತಿಯೊಬ್ಬಳ ಎದುರಿಗೂ ಆ ನಂಬರುಗಳ ಹಾಳೆ. ಸೂಪರ್‌ವೈಸರ್ ಚಿಕ್ಕ ವಯಸ್ಸಿನವನು. ಕೈಯಲ್ಲಿ ಸ್ಟೀಲಿನ ಸ್ಕೇಲು. ಮರದ್ದು ಹೋಗಿ ಸ್ಟೀಲಿನದು ಬಂದಿದೆ. ನಮ್ಮ ಮುಷ್ಕರದ ಸಾಧನೆ ಅಂತ ಇದನ್ನೇ ಬರೆಸಬೇಕು.

ಅವನು ಒಬ್ಬಳ ಹಿಂದೆ ನಿಂತ. ಚೀಲ ಎತ್ತಿ ಸ್ಕೇಲು ಇಟ್ಟ.

"ಈ ಸೊಟ್ಟ ಸರಿಯಿಲ್ಲ."

"ಸಾರ್, ಸೊಟ್ಟಗೇ ಇದೆಯಲ್ಲ ಸಾರ್," ಅಂದಳು ಹುಡುಗಿ.

"ಸೊಟ್ಟ ಇದೆ. ಆದ್ರೆ ಆ ಸೊಟ್ಟ ಅಲ್ಲ. ಆರನೇದು ಎಡಕ್ಕೆ ಹೋಗ್ಬೇಕಿತ್ತು. ನಿಂದು ಬಲಕ್ಕೆ ಹೋಗಿದೆ. ಬಿಚ್ಚು."

ಹೇಳಿ, ಸ್ಕೇಲಿನ ಅಂಚಿನಿಂದ ಅವಳ ಗೆಣ್ಣಿಗೆ ತಟ್ಟಿದ. ಮೆಲ್ಲಗೇ ತಟ್ಟಿದ. ಅವಳು ಕೈ ಎಳೆದುಕೊಳ್ಳಲೂ ಇಲ್ಲ. ಅಭ್ಯಾಸ.

ಆಗ ಮ್ಯಾನೇಜರ್ ಬಂದ. ಕೈ ಮುಗಿದು ನಗುತ್ತಾ, "ಬನ್ನಿ ಮೇಡಂ. ನೋಡಿದ್ರಲ್ಲ ನಮ್ಮ ಕಷ್ಟ? ಈ ಹುಡುಗೀರಿಗೆ ನೇರ ಬಿಟ್ರೆ ಬೇರೆ ಬರೋದೇ ಇಲ್ಲ."

"ಹೇಗೆ ಬರುತ್ತೆ? ಬಂದ್ರೆ ನೀವು ಬಿಟ್ಟಿದ್ರಾ?"

"ಅದೆಲ್ಲ ಹಳೇ ಮಾತು. ಈ ಚೀಲದಲ್ಲಿರೋ ಸಹಜತೆ ನಮಗೆ ಬೇಕು. ನೀವೇ ತಾನೆ ಮಾಡಿದ್ದು?"

"ಕೆಳಗೆ ಬರೆದಿದ್ದೆ, ಓದಲಿಲ್ವಾ? ನನ್ನ ಅತ್ತೆ ಮಾಡಿದ್ದು. ಎರಡೂ ಕಣ್ಣಿಗೆ ಪೊರೆ. ಗೆರೆ ಎಲ್ಲಿದೆ ಅಂತ ಬೆರಳಲ್ಲಿ ತಡವಿ ತಡವಿ ನೇರ ಹೋಗೋಕೆ ನೋಡಿದ್ದಾಳೆ. ಆಗಿಲ್ಲ. ಆ ಆಗದೇ ಇದ್ದದ್ದಕ್ಕೆ ನೀವು ನಂಬರ್ ಹಾಕಿ ಮೊಳೆ ಹೊಡೆದಿದ್ದೀರಿ."

"ಒಳ್ಳೇ ಕಥೆ ಮೇಡಂ. ಚೀಲಕ್ಕೆ ಕಟ್ಟೋ ಚೀಟಿ ಮೇಲೆ ಹಾಕಬಹುದು."

ಇಂಥವರನ್ನು ಬೈದರೂ ಬಂಡವಾಳ ಮಾಡಿಕೊಳ್ಳುತ್ತಾರೆ. ನಾನು ಹೋಗಿ ಆ ಹುಡುಗಿ ಬಿಚ್ಚಲು ಹೊರಟಿದ್ದ ಚೀಲ ತಗೊಂಡೆ. ಬಲಕ್ಕೆ ಹೋದ ಆರನೆಯ ಹೊಲಿಗೆಯ ಮೇಲೆ ಬೆರಳಿಟ್ಟೆ.

"ಇದು ಸರಿಯಾಗೇ ಇದೆ," ಅಂದೆ. ಇಡೀ ಹಾಲಿಗೆ ಕೇಳುವ ಹಾಗೆ ಅಂದೆ. "ಇಡೀ ಸಾಲಲ್ಲಿ ಕೈಯಿಂದ ಬಂದದ್ದು ಇದೊಂದೇ. ಬಿಚ್ಚಬೇಡ ಕಣಮ್ಮ."

ಮೆಷೀನುಗಳು ಒಂದೊಂದಾಗಿ ನಿಂತವು. ಎಲ್ಲವೂ ನಿಲ್ಲಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೂರೋ ನಾಲ್ಕೋ ನಿಂತವು.

"ನಿಮ್ಮ ಉತ್ತರ ಏನು ಮೇಡಂ?" ಅಂದ ಮ್ಯಾನೇಜರ್. ನಗು ಹೋಗಿತ್ತು.

"ಊಹೂಂ," ಅಂದೆ.

ಘೋಷಣೆ ಗೇಟಿನವರೆಗೂ ಹಿಂದೆ ಹಿಂದೆ ಬಂದಳು. "ಹುಚ್ಚಿ ಕಣೇ ನೀನು. ಆಗಲೂ ಹುಚ್ಚಿ, ಈಗಲೂ ಹುಚ್ಚಿ. ನಾಳೆ ಇವರು ಚೀಲಾನ ನಿನಗಿಂತ ಕಡಿಮೆಗೆ ಮಾರ್ತಾರೆ. ಏನ್ಮಾಡ್ತೀಯ?" ಕೂಗಿಯೇ ಕೇಳಿದಳು. ಕಾವಲುಗಾರ ತಿರುಗಿ ನೋಡಿದ. ಬಹಳ ವರ್ಷಗಳ ಮೇಲೆ ಅವಳ ಧ್ವನಿ ಪೂರ್ತಿ ಕೇಳಿದೆ. ಕೊರಳಿನ ಪಟ್ಟಿ ತೆಗೆದು ಕಾವಲುಗಾರನ ಕೈಗೆ ಕೊಟ್ಟು ಹೊರಗೆ ಬಂದೆ.

ಜುಲೈ ೯, ಮಂಗಳವಾರ

ಅತ್ತೆಗೆ ಹೇಳದೆ ಮುಚ್ಚಿಡೋಣ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದವಳೇ, "ಏನಾಯ್ತು? ನಿನ್ನೆ ಮುಖ ಊದಿಸಿಕೊಂಡು ಬಂದೆ," ಅಂದಳು. ಇವಳಿಗೆ ಕಣ್ಣು ಕಾಣುವುದಿಲ್ಲ ಅನ್ನುವುದೇ ಒಂದು ದೊಡ್ಡ ವದಂತಿ.

ಎಲ್ಲ ಹೇಳಿದೆ. ಕೊಂಡದ್ದು ಯಾರು, ಯಾಕೆ, ಹಲಗೆಯ ಮೇಲೆ ಏನಿತ್ತು. ಹೇಳುವಾಗ ಅವಳ ಮುಖ ನೋಡಲು ಆಗಲಿಲ್ಲ.

"ನನ್ನ ಹೊಲಿಗೆಗೆ ನಂಬರ್ ಹಾಕಿದ್ರಾ?"

"ಹೂಂ."

"ಎಲ್ಲದಕ್ಕೂ?"

"ಎಲ್ಲದಕ್ಕೂ."

ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ನೀರು ಕೊಟ್ಟೆ. ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಎಷ್ಟು ಚೀಲ ಮಾಡ್ತಾರೆ?"

"ಸಾವಿರಗಟ್ಟಲೆ."

"ಅಯ್ಯೋ, ಹಾಗಾದ್ರೆ ಆ ಸೊಟ್ಟ ಮುಗೀತು ಬಿಡು. ಬೇರೆ ತೆಗೀಬೇಕು."

"ಬೇರೆ ಎಲ್ಲಿಂದ ತರ್ತೀರಿ ಅತ್ತೆ?"

"ತರೋದೇನೇ? ಮೊನ್ನಿನ ಕೈ ಇವತ್ತಿಲ್ಲ. ಬೆರಳು ಇನ್ನೂ ಸ್ವಲ್ಪ ಮಡಚಿಕೊಂಡಿದೆ, ನೋಡು. ಇವತ್ತು ಹೊಲಿದ್ರೆ ಇವತ್ತಿನ ಸೊಟ್ಟ ಬರುತ್ತೆ. ಅವರು ಅದಕ್ಕೂ ನಂಬರ್ ಹಾಕ್ಲಿ. ಹಾಕಿ ಮುಗಿಸೋ ಹೊತ್ತಿಗೆ ನಾವು ಇನ್ನೆಲ್ಲಿರ್ತೀವೋ."

ಜುಲೈ ೧೧, ಗುರುವಾರ

ಆರ್ಡರ್ ಬಂತೋ ಇಲ್ಲವೋ ಗೊತ್ತಿಲ್ಲ, ಎರಡು ದಿನದಿಂದ ನೋಡಿಲ್ಲ. ಈ ಮುದುಕಿಯ ಕಾಟದಲ್ಲಿ ಉಸಿರಾಡಲು ಪುರುಸೊತ್ತಿಲ್ಲ.

ಉಳಿದ ಚೂರುಗಳನ್ನೇ ಜೋಡಿಸಿ ಒಂದೇ ಚೀಲವನ್ನು ಆ ತುದಿಯಿಂದ ಅವಳು, ಈ ತುದಿಯಿಂದ ನಾನು ಹೊಲಿಯುತ್ತಿದ್ದೇವೆ. ನಡುವೆ ಎಲ್ಲಿ ಸೇರುವುದು ಅಂತ ನಿನ್ನೆಯಿಂದ ಜಗಳ. ನೀವು ನನ್ನ ಕಡೆ ಬರುತ್ತಿದ್ದೀರಿ ಅಂದರೆ, ನೀನೇ ನನ್ನ ದಾರಿಗೆ ಅಡ್ಡ ಬಂದೆ ಅನ್ನುತ್ತಾಳೆ. ಗಂಡ ಬಂದು ನೋಡಿ, "ಇದೇನು, ಇಬ್ಬರು ಡ್ರೈವರು, ಒಂದೇ ಬಸ್ಸು?" ಅಂದ. ಅವನಿಗೆ ದಾರಕ್ಕೆ ಮೇಣ ತಿಕ್ಕುವ ಕೆಲಸ ಕೊಟ್ಟು ಬಾಯಿ ಮುಚ್ಚಿಸಿದ್ದೇನೆ.

ಹಿಡಿಕೆಯ ಬುಡದಲ್ಲಿ ಹೊಲಿಗೆ ಸುಮ್ಮನೆ ನೇರ ಬರಬಾರದು, ಕತ್ತು ತಿರುಗಿಸಿದ ಹಾಗೆ ಬರಬೇಕು ಅನ್ನಿಸಿತು. ಹಾಗೇ ಹೊಲಿಯುತ್ತಾ ಹೋದೆ. ಪೆನ್ಸಿಲ್ ಗುರುತು ಹಾಕಿಕೊಂಡೇ ಇರಲಿಲ್ಲ, ಅರ್ಧ ದಾಟಿದ ಮೇಲೆ ನೋಡಿದೆ. ಹಾಳಾಗಿ ಹೋಗಲಿ, ಬಿಚ್ಚಲು ಯಾರಿಗೆ ತಾಳ್ಮೆ ಇದೆ.

ಆ ಕಡೆ ಸದ್ದಿಲ್ಲ. ತಲೆಯೆತ್ತಿ ನೋಡಿದರೆ ನಾನು ಇನ್ನೊಂದು ಹಿಡಿಕೆಗೆ ಅಂತ ಕತ್ತರಿಸಿ ಇಟ್ಟಿದ್ದ ತೊಗಲು ಆಗಲೇ ಅವಳ ತೊಡೆಯ ಮೇಲಿದೆ. ಇನ್ನೂ ಬರೆಯುತ್ತಾ ಕೂತರೆ ಕೆಂಪು ದಾರವೂ ಅವಳ ಪಾಲು.